ಹಸಿರಿನ ಕೆಳಗಿನ ನೆಲ: ಗಾಲ್ಫ್ ಮೈದಾನದ ತೈಲಚಿತ್ರ ಮತ್ತು ಹವ್ಯಾಸಿಯ ಕುಂಚ

ಮೊದಲ ನೋಟಕ್ಕೆ ಗಾಲ್ಫ್ ಮೈದಾನದಷ್ಟು ಸುಲಭವಾದ ಚಿತ್ರವಸ್ತು ಇನ್ನೊಂದಿಲ್ಲವೆನಿಸುತ್ತದೆ. ವಿಶಾಲವಾದ ಹುಲ್ಲುಹಾಸು, ಅಂಚಿನಲ್ಲಿ ಮರಗಳ ಸಾಲು, ಅಲ್ಲಲ್ಲಿ ಮರಳಿನ ಗುಂಡಿ, ಒಂದು ಕೊಳ, ಮೇಲೆ ತೆರೆದ ಆಕಾಶ. ಬೀದಿಯ ಗದ್ದಲವಾಗಲಿ ಕಟ್ಟಡಗಳ ಲೆಕ್ಕವಿಲ್ಲದಷ್ಟು ಗೆರೆಗಳಾಗಲಿ ಇಲ್ಲದ ಈ ದೃಶ್ಯವನ್ನು ಕಂಡು ಕುಂಚ ಹಿಡಿಯುವ ಹವ್ಯಾಸಿಯು ಮೊದಲ ಕ್ಯಾನ್ವಾಸ್ ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಕಂಗೆಡುತ್ತಾನೆ, ಏಕೆಂದರೆ ಎದುರಿಗೆ ಉಬ್ಬಿ ತಗ್ಗಿ ದೂರಕ್ಕೆ ಸಾಗಿದ್ದ ನೆಲವು ಚಿತ್ರದಲ್ಲಿ ಹಸಿರು ಬಳಿದ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಕೈಚಳಕ ಸಾಲದ್ದರಿಂದ ಹೀಗಾಯಿತೆಂದು ಅವನು ಭಾವಿಸಬಹುದಾದರೂ ತೊಡಕು ಇರುವುದು ಬಹುಮಟ್ಟಿಗೆ ನೋಟದಲ್ಲಿ. ಗಾಲ್ಫ್ ಮೈದಾನದ ಚಿತ್ರಕ್ಕೆ ನಿಜವಾದ ವಸ್ತು ಹುಲ್ಲಿನ ಬಣ್ಣವಲ್ಲ, ಆ ಹುಲ್ಲು ಹೊದ್ದಿರುವ ನೆಲದ ಆಕಾರ. ಈ ತಿಳಿವಳಿಕೆಯನ್ನು ಇಷ್ಟು ಸ್ಪಷ್ಟವಾಗಿ, ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಕಲಿಸಬಲ್ಲ ದೃಶ್ಯ ವಿರಳವಾದ್ದರಿಂದಲೇ ಭೂದೃಶ್ಯ ಚಿತ್ರಣವನ್ನು ಅಭ್ಯಾಸ ಮಾಡುವವರಿಗೆ ಇದು ಒಳ್ಳೆಯ ಪಾಠಶಾಲೆಯಾಗುತ್ತದೆ.

ಆಟವನ್ನು ಅರಿಯದ ಓದುಗರಿಗಾಗಿ ಮೈದಾನದ ಭಾಗಗಳನ್ನು ಇಲ್ಲಿ ಹೇಳಬೇಕಾಗುತ್ತದೆ. ಪೂರ್ಣ ಪ್ರಮಾಣದ ಗಾಲ್ಫ್ ಮೈದಾನದಲ್ಲಿ 18 ‘ಹೋಲ್’ಗಳಿದ್ದು, ಪ್ರತಿಯೊಂದೂ ಚೆಂಡನ್ನು ಮೊದಲು ಹೊಡೆಯುವ ಸಮತಟ್ಟಾದ ‘ಟೀ’ಯಿಂದ ಆರಂಭವಾಗಿ, ಗಿಡ್ಡವಾಗಿ ಕತ್ತರಿಸಿದ ಹುಲ್ಲಿನ ಉದ್ದನೆಯ ಪಟ್ಟಿಯಾದ ‘ಫೇರ್‌ವೇ’ಯ ಮೂಲಕ ಸಾಗಿ, ರತ್ನಗಂಬಳಿಯಷ್ಟು ನಯವಾಗಿ ಹುಲ್ಲನ್ನು ಕತ್ತರಿಸಿ ನಡುವೆ ಕುಳಿ ತೋಡಿ ಬಾವುಟ ನೆಟ್ಟ ‘ಗ್ರೀನ್’ನಲ್ಲಿ ಮುಗಿಯುತ್ತದೆ. ಫೇರ್‌ವೇಯ ಎರಡೂ ಬದಿಗೆ ಎತ್ತರವಾಗಿ ಬೆಳೆಯಲು ಬಿಟ್ಟ ಹುಲ್ಲು ‘ರಫ್’ ಎನಿಸಿಕೊಂಡರೆ, ಆಟಗಾರನಿಗೆ ಅಡಚಣೆಯಾಗಲೆಂದು ತೋಡಿದ ಮರಳಿನ ಗುಂಡಿ ‘ಬಂಕರ್’ ಎನಿಸಿಕೊಳ್ಳುತ್ತದೆ. ಆಟಗಾರನಿಗೆ ಇವು ನಿಯಮಗಳ ಗಡಿಗಳಾದರೆ ಚಿತ್ರಕಾರನಿಗೆ ಮರಳನ್ನು ಬಿಟ್ಟರೆ ಒಂದೇ ಬಣ್ಣದ ನಾಲ್ಕು ಬಗೆಯ ಮೇಲ್ಮೈಗಳು. ಬೆಳಕನ್ನು ಒಂದೊಂದೂ ಒಂದೊಂದು ರೀತಿಯಲ್ಲಿ ಹೀರುವ ಅಥವಾ ಹಿಂದಿರುಗಿಸುವ ಈ ಮೇಲ್ಮೈಗಳ ನಡುವಿನ ಸೂಕ್ಷ್ಮ ವ್ಯತ್ಯಾಸದಲ್ಲಿಯೇ ಚಿತ್ರದ ಬಹುಪಾಲು ಕೆಲಸ ಅಡಗಿದೆ.

ಮೈದಾನಗಳಲ್ಲಿಯೂ ಎರಡು ಮುಖ್ಯ ಬಗೆಗಳಿವೆ. ಸ್ಕಾಟ್ಲೆಂಡಿನ ಕಡಲಂಚಿನಲ್ಲಿ, ಸಮುದ್ರಕ್ಕೂ ಉಳುಮೆಯ ಹೊಲಗಳಿಗೂ ನಡುವೆ ಉಳಿದ ಮರಳುದಿಣ್ಣೆಗಳ ಬಂಜರು ನೆಲವನ್ನು ಅಲ್ಲಿನವರು ‘ಲಿಂಕ್ಸ್’ ಎಂದು ಕರೆಯುತ್ತಿದ್ದು, ಆಟ ಬೆಳೆದದ್ದು ಅಂಥ ನೆಲದ ಮೇಲೆ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಇದಕ್ಕೆ ಪ್ರಸಿದ್ಧ ಉದಾಹರಣೆ: ಅಲ್ಲಿ ಮರಗಳ ಆಸರೆಯಿಲ್ಲ, ಗಾಳಿಗೆ ಬಾಗಿದ ತೆಳುವಾದ ಕಂದು ಹುಲ್ಲು, ವಸಂತದಲ್ಲಿ ಹಳದಿ ಹೂ ಬಿಡುವ ಗೋರ್ಸ್ ಎಂಬ ಮುಳ್ಳುಪೊದೆ, ಸ್ವಿಲ್ಕನ್ ಹಳ್ಳದ ಮೇಲಿನ ಪುಟ್ಟ ಕಲ್ಲುಸೇತುವೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಆಕಾಶ ಚಿತ್ರವನ್ನು ತುಂಬುತ್ತವೆ. ಒಳನಾಡಿನ ಮೈದಾನಗಳಾದರೋ ಉದ್ಯಾನದ ಮಾದರಿಯವು. ಅಲ್ಲಿ ಮರಗಳು ದೃಶ್ಯಕ್ಕೆ ಗೋಡೆಗಳನ್ನೂ ಬಾಗಿಲುಗಳನ್ನೂ ಕಟ್ಟಿಕೊಡುತ್ತವೆ, ನೆರಳು ಹೇರಳವಾಗಿರುತ್ತದೆ, ಆಕಾಶ ಕಿರಿದಾಗುತ್ತದೆ. ಮೊದಲ ಬಗೆಯಲ್ಲಿ ಚಿತ್ರಕಾರನು ಮೋಡಗಳನ್ನು ಕಲಿಯಬೇಕು, ಎರಡನೆಯದರಲ್ಲಿ ನೆರಳುಗಳನ್ನು.

ಗಾಲ್ಫ್ ಚಿತ್ರಗಳ ಇತಿಹಾಸವನ್ನು ಗಮನಿಸಿದರೆ ನೆಲವು ಚಿತ್ರದ ನಾಯಕನಾದದ್ದು ಎಷ್ಟು ನಿಧಾನವಾಗಿ ಎಂಬುದು ತಿಳಿಯುತ್ತದೆ. ಹದಿನೇಳನೆಯ ಶತಮಾನದ ಡಚ್ ಕಲಾವಿದರು ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಕೋಲು ಹಿಡಿದು ಚೆಂಡು ಹೊಡೆಯುವ ಜನರನ್ನು ಬರೆದರು. ಏಡ್ರಿಯಾನ್ ವಾನ್ ಡ ವೆಲ್ಡ 1668ರಲ್ಲಿ ರಚಿಸಿದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಪುಟ್ಟ ಚಿತ್ರ ಅಂಥದ್ದು. ಚಾರ್ಲ್ಸ್ ಲೀಸ್ 1847ರಲ್ಲಿ ಸೇಂಟ್ ಆಂಡ್ರೂಸ್‌ನ ಪಂದ್ಯವೊಂದನ್ನು ದೊಡ್ಡ ತೈಲಚಿತ್ರವಾಗಿಸಿದಾಗಲೂ ಮೈದಾನವು ಹಿನ್ನೆಲೆಯಾಗಿಯೇ ಉಳಿಯಿತು, ಕಣ್ಣು ಹೋಗುವುದು ಚೆಂಡಿನ ಸುತ್ತ ಬಾಗಿ ನಿಂತ ಗಣ್ಯರ ಮುಖಗಳ ಕಡೆಗೆ. 1910ರಲ್ಲಿ ಬರ್ನಾರ್ಡ್ ಡಾರ್ವಿನ್ ಬರೆದ ಬ್ರಿಟಿಷ್ ದ್ವೀಪಗಳ ಗಾಲ್ಫ್ ಮೈದಾನಗಳನ್ನು ಕುರಿತ ಗ್ರಂಥಕ್ಕೆ ನ್ಯೂಜಿಲೆಂಡ್ ಮೂಲದ ಹ್ಯಾರಿ ರೌಂಟ್ರಿ ಚಿತ್ರಗಳನ್ನು ಬರೆದುಕೊಟ್ಟ ಕಾಲಕ್ಕೆ ಮೈದಾನವೇ ನೋಡತಕ್ಕ ವಸ್ತುವೆಂಬ ಭಾವನೆ ನೆಲೆಗೊಂಡಿತ್ತು.

ಈ ಬದಲಾವಣೆ ತೈಲವರ್ಣದಲ್ಲಿ ಪಕ್ವವಾಗಿ ಕಾಣುವುದು ಐರಿಷ್ ಕಲಾವಿದ ಸರ್ ಜಾನ್ ಲೇವರಿ ಸ್ಕಾಟ್ಲೆಂಡಿನ ನಾರ್ತ್ ಬೆರ್ವಿಕ್‌ನಲ್ಲಿ ರಚಿಸಿದ ಚಿತ್ರಗಳಲ್ಲಿ. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ 1922ರ ಚಿತ್ರದಲ್ಲಿ ಆಟಗಾರರು ಇದ್ದಾರಾದರೂ ಅವರು ವ್ಯಕ್ತಿಗಳಾಗಿ ಇಲ್ಲ. ಕೆಲವೇ ಕುಂಚದೇಟುಗಳಲ್ಲಿ ಮೂಡಿದ ಆ ಆಕೃತಿಗಳು ಕಡಲಿನ ಕಡೆಗೆ ಇಳಿಯುವ ಹುಲ್ಲುನೆಲದ ವಿಸ್ತಾರವನ್ನು ಅಳೆದು ತೋರಿಸುವ ಅಳತೆಗೋಲುಗಳಾಗಿವೆ. ಗಾಲ್ಫ್ ದೃಶ್ಯವನ್ನು ಚಿತ್ರಿಸಬಯಸುವ ಹವ್ಯಾಸಿಯು ಒಂದೇ ಒಂದು ಚಿತ್ರವನ್ನು ಅಧ್ಯಯನ ಮಾಡಬೇಕೆಂದಾದರೆ ಅದು ಇದೇ ಆಗಬೇಕು, ಏಕೆಂದರೆ ಏನನ್ನು ಬಿಡಬೇಕೆಂಬುದನ್ನು ಲೇವರಿಯಷ್ಟು ಚೆನ್ನಾಗಿ ಈ ವಸ್ತುವಿನಲ್ಲಿ ತೋರಿಸಿಕೊಟ್ಟವರು ವಿರಳ.

ಹವ್ಯಾಸಿ ಚಿತ್ರಕಲೆಯ ಇತಿಹಾಸದಲ್ಲಿಯೂ ಲೇವರಿ ದಂಪತಿಗೆ ಸ್ಥಾನವಿದೆ. 1915ರಲ್ಲಿ ಗಲಿಪೊಲಿ ದಂಡಯಾತ್ರೆಯ ವೈಫಲ್ಯದ ನಂತರ ಅಧಿಕಾರ ಕಳೆದುಕೊಂಡ ವಿನ್‌ಸ್ಟನ್ ಚರ್ಚಿಲ್ ಮನಸ್ಸಿನ ಸಮಾಧಾನಕ್ಕಾಗಿ ಚಿತ್ರ ಬರೆಯಲು ತೊಡಗಿ, ಬಿಳಿಯ ಕ್ಯಾನ್ವಾಸಿನ ಮುಂದೆ ಅಂಜಿ ನಿಂತಿದ್ದಾಗ ಸ್ವತಃ ಚಿತ್ರಕಾರ್ತಿಯಾಗಿದ್ದ ಹೇಜಲ್ ಲೇವರಿ ದೊಡ್ಡ ಕುಂಚವೊಂದನ್ನು ತೆಗೆದುಕೊಂಡು ದಟ್ಟವಾದ ಬಣ್ಣವನ್ನು ಕ್ಯಾನ್ವಾಸಿಗೆ ಬಳಿದು ಅವನ ಅಂಜಿಕೆಯನ್ನು ಬಿಡಿಸಿದ ಸಂಗತಿಯನ್ನು ಅವನೇ ಮುಂದೆ ಬರೆದಿದ್ದಾನೆ. ಜಲವರ್ಣಕ್ಕಿಂತ ತೈಲವರ್ಣವನ್ನು ಅವನು ಮೆಚ್ಚಿದ್ದಕ್ಕೆ ಕೊಟ್ಟ ಕಾರಣವು ಎಲ್ಲ ಹವ್ಯಾಸಿಗಳಿಗೂ ಸಲ್ಲುತ್ತದೆ: ತಪ್ಪಿದ ಭಾಗವನ್ನು ಚೂರಿಯಿಂದ ಕೆರೆದು ತೆಗೆದು ಮತ್ತೆ ಬರೆಯಲು ತೈಲವರ್ಣ ಅವಕಾಶ ಕೊಡುತ್ತದೆ.

ಅಮೆರಿಕದ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಕೂಡ ತಡವಾಗಿ ಕುಂಚ ಹಿಡಿದವನು. ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿದ್ದ 1948ರಲ್ಲಿ, ಪತ್ನಿಯ ಭಾವಚಿತ್ರವನ್ನು ಥಾಮಸ್ ಸ್ಟೀಫನ್ಸ್ ಎಂಬ ಕಲಾವಿದ ಬರೆಯುವುದನ್ನು ನೋಡುತ್ತ ಅವನಿಗೆ ಆಸಕ್ತಿ ಹುಟ್ಟಿತು. ಗಾಲ್ಫನ್ನು ಅತಿಯಾಗಿ ಪ್ರೀತಿಸಿದ ಅವನು ಶ್ವೇತಭವನದ ಪುಟ್ಟ ಕೋಣೆಯೊಂದನ್ನು ಚಿತ್ರಶಾಲೆಯಾಗಿಸಿಕೊಂಡು, ಆಟದ ಮಹಾನ್ ಆಟಗಾರ ಬಾಬಿ ಜೋನ್ಸ್‌ನ ಭಾವಚಿತ್ರವನ್ನು ತೈಲವರ್ಣದಲ್ಲಿ ಬರೆದು ಜಾರ್ಜಿಯಾ ರಾಜ್ಯದ ಆಗಸ್ಟಾ ನ್ಯಾಷನಲ್ ಕ್ಲಬ್ಬಿಗೆ ಕೊಟ್ಟನು. ಮೈದಾನಗಳನ್ನೇ ವಸ್ತುವಾಗಿಸಿಕೊಂಡು ಖ್ಯಾತಿ ಗಳಿಸಿದವರೆಂದರೆ ಅಮೆರಿಕದ ವೃತ್ತಿಪರ ಕಲಾವಿದೆ ಲಿಂಡಾ ಹಾರ್ಟೊ. 1984ರಲ್ಲಿ ಆಗಸ್ಟಾದ 13ನೆಯ ಹೋಲ್ ಅನ್ನು ಬರೆದುಕೊಡುವ ಕೆಲಸದಿಂದ ಅವರ ಗಾಲ್ಫ್ ಚಿತ್ರಗಳ ಹಾದಿ ತೆರೆಯಿತು. ಎಲೆ ಎಲೆಯನ್ನೂ ತೋರಿಸುವ ಅವರ ಶೈಲಿ ಬೆರಗು ಹುಟ್ಟಿಸುವಂಥದಾದರೂ ಹವ್ಯಾಸಿಯು ಅಲ್ಲಿಂದ ಆರಂಭಿಸುವುದು ವಿವೇಕವಲ್ಲ. ಸೂಕ್ಷ್ಮ ವಿವರದ ಹಿಂದೆ ನೆಲದ ಗಟ್ಟಿಯಾದ ರಚನೆಯನ್ನು ಹಿಡಿದಿಡುವ ಶಿಸ್ತು ಅವರಿಗಿದೆ. ಆ ಶಿಸ್ತು ಬರುವ ಮೊದಲೇ ವಿವರಕ್ಕೆ ಕೈಹಾಕಿದವರ ಚಿತ್ರ ಹರಿದು ಹಂಚಿಹೋಗುತ್ತದೆ.

ಗಾಲ್ಫ್ ಮೈದಾನವು ಕಾಡು ಅಥವಾ ಹೊಲಗಳಂತಹ ದೃಶ್ಯವಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಚಿತ್ರಕಾರನು ಬರುವುದಕ್ಕೆ ಮೊದಲೇ ವಿನ್ಯಾಸಕಾರನೊಬ್ಬನು ಆ ದೃಶ್ಯವನ್ನು ಸಂಯೋಜಿಸಿರುತ್ತಾನೆ. ಬಾಬಿ ಜೋನ್ಸ್‌ನೊಡನೆ ಸೇರಿ ಆಗಸ್ಟಾವನ್ನು ರೂಪಿಸಿದ ಅಲಿಸ್ಟರ್ ಮೆಕೆಂಜಿ ವೃತ್ತಿಯಿಂದ ವೈದ್ಯನಾಗಿದ್ದು, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸೇವೆ ಸಲ್ಲಿಸುವಾಗ ಬೋಯರ್ ಸೈನಿಕರು ತಮ್ಮ ಕಂದಕಗಳನ್ನು ನೆಲದೊಂದಿಗೆ ಬೆರೆಸಿ ಮರೆಮಾಡುತ್ತಿದ್ದ ರೀತಿಯನ್ನು ಗಮನಿಸಿ, ಆ ಜ್ಞಾನವನ್ನು ಮೈದಾನ ರಚನೆಗೆ ತಂದನು. ಮನುಷ್ಯ ಮಾಡಿದ ದಿಣ್ಣೆಯೂ ಗುಂಡಿಯೂ ಪ್ರಕೃತಿಯೇ ಮಾಡಿಟ್ಟಂತೆ ಕಾಣಬೇಕೆಂಬುದು ಅವನ ಸಿದ್ಧಾಂತ. ಆಗಸ್ಟಾ ಮೊದಲು ಹಣ್ಣು ಮತ್ತು ಅಲಂಕಾರಿಕ ಗಿಡಗಳ ಸಸ್ಯೋದ್ಯಾನವಾಗಿತ್ತು, ಅಲ್ಲಿನ ಪ್ರತಿ ಹೋಲ್‌ಗೂ ಒಂದೊಂದು ಗಿಡದ ಹೆಸರಿದೆ, ಮತ್ತು ಬಂಕರುಗಳಲ್ಲಿ ಹೊಳೆಯುವ ಅಪ್ಪಟ ಬಿಳಿಯ ಮರಳು ಉತ್ತರ ಕೆರೊಲಿನಾದ ಸ್ಪ್ರೂಸ್ ಪೈನ್ ಪ್ರದೇಶದ ಗಣಿಗಾರಿಕೆಯಿಂದ ಬಂದ ಸ್ಫಟಿಕ ಶಿಲೆಯ ಹುಡಿ. ಹೀಗೆ ಬಣ್ಣ, ಹೂವು, ಬೆಳಕು ಎಲ್ಲವೂ ಮೊದಲೇ ಅಣಿಯಾಗಿರುವ ದೃಶ್ಯವನ್ನು ಇದ್ದಂತೆಯೇ ನಕಲು ಮಾಡಿದರೆ ವಿನ್ಯಾಸಕಾರನ ಚಿತ್ರ ಎರಡನೆಯ ಸಲ ಅಚ್ಚಾಗುತ್ತದೆಯೇ ಹೊರತು ಹೊಸ ಚಿತ್ರ ಹುಟ್ಟುವುದಿಲ್ಲ. ಟೀಯ ಮೇಲೆ ನಿಂತು ಗ್ರೀನಿನ ಕಡೆಗೆ ನೋಡುವ ಕೋನವು ವಿನ್ಯಾಸಕಾರನು ಆಟಗಾರನಿಗೆಂದು ಇಟ್ಟ ನೋಟ. ಗ್ರೀನಿನಿಂದ ಹಿಂದಿರುಗಿ ನೋಡಿದಾಗ, ಇಲ್ಲವೇ ರಫ್‌ನ ಬದಿಯಿಂದ ಅಡ್ಡಲಾಗಿ ನೋಡಿದಾಗ, ಅದೇ ನೆಲ ಯಾರೂ ಅಲಂಕರಿಸದ ಆಕಾರಗಳನ್ನು ಬಿಚ್ಚಿಡುತ್ತದೆ. ಹವ್ಯಾಸಿಗಳು ಈ ಎರಡನೆಯ ನೋಟಗಳನ್ನು ಹೆಚ್ಚಾಗಿ ಹುಡುಕಬೇಕು.

ಇನ್ನು ಹಸಿರಿನ ಪ್ರಶ್ನೆ. ಹಗಲಿನ ಬೆಳಕಿನಲ್ಲಿ ಮನುಷ್ಯನ ಕಣ್ಣು ಅತಿ ಹೆಚ್ಚು ಸಂವೇದಿಯಾಗಿರುವುದು ಸುಮಾರು 555 ನ್ಯಾನೋಮೀಟರ್ ತರಂಗಾಂತರದ, ಅಂದರೆ ಹಳದಿ ಬೆರೆತ ಹಸಿರಿನ ಬೆಳಕಿಗೆ. ಹಸಿರಿನಲ್ಲಿ ಆಗುವ ಸಣ್ಣ ತಪ್ಪನ್ನೂ ನೋಡುಗನ ಕಣ್ಣು ಹಿಡಿಯುತ್ತದೆ, ಕಾರಣವನ್ನು ಹೇಳಲಾಗದಿದ್ದರೂ ಚಿತ್ರ ಸುಳ್ಳೆಂದು ಅದಕ್ಕೆ ಗೊತ್ತಾಗುತ್ತದೆ. ಬಣ್ಣದ ಟ್ಯೂಬಿನಿಂದ ನೇರವಾಗಿ ಹಿಂಡಿದ ಹಸಿರುಗಳು ಹುಲ್ಲಿನ ಮೇಲೆ ಕೃತಕವಾಗಿ ಕಾಣುವುದು ಇದರಿಂದಲೇ. ಫ್ರಾನ್ಸಿನಲ್ಲಿ ಗಿನೆ ಎಂಬ ರಸಾಯನಜ್ಞ 1859ರಲ್ಲಿ ಹಕ್ಕುಪತ್ರ ಪಡೆದ, ಕ್ರೋಮಿಯಂನಿಂದ ತಯಾರಾಗುವ ವಿರಿಡಿಯನ್ ತಣ್ಣನೆಯ ಪಾರದರ್ಶಕ ಹಸಿರು. 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಥ್ಯಾಲೊ ಗ್ರೀನ್ ಅದಕ್ಕಿಂತ ಎಷ್ಟೋ ಪಟ್ಟು ಪ್ರಬಲವಾದದ್ದು. ಅಡುಗೆಗೆ ಇಂಗು ಬೀಳುವ ಪ್ರಮಾಣದಲ್ಲಿ ಅದನ್ನು ಬಳಸದಿದ್ದರೆ ಪ್ಯಾಲೆಟ್ಟಿನ ಉಳಿದ ಬಣ್ಣಗಳನ್ನೆಲ್ಲ ಅದು ನುಂಗಿಬಿಡುತ್ತದೆ.

ಅನುಭವಿ ಭೂದೃಶ್ಯ ಚಿತ್ರಕಾರರಲ್ಲಿ ಹಲವರು ಹಸಿರಿನ ಟ್ಯೂಬನ್ನೇ ದೂರವಿಟ್ಟು, ನೀಲಿ ಮತ್ತು ಹಳದಿಗಳಿಂದ ಹಸಿರನ್ನು ಕಲಸಿಕೊಳ್ಳುತ್ತಾರೆ. ಅಲ್ಟ್ರಾಮರೀನ್ ನೀಲಿಗೆ ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿಯನ್ನು ಬೆರೆಸಿದರೆ ಮರಗಳ ನೆರಳಿಗೂ ದೂರದ ರಫ್‌ಗೂ ಒಪ್ಪುವ ಮಂಕಾದ ಹಸಿರು ದೊರೆಯುತ್ತದೆ. ಅದೇ ನೀಲಿಗೆ ಕ್ಯಾಡ್ಮಿಯಂ ಹಳದಿಯನ್ನು ಬೆರೆಸಿದರೆ ಬಿಸಿಲು ಬಿದ್ದ ಫೇರ್‌ವೇಯ ಕಾಂತಿ ಬರುತ್ತದೆ. ಕಪ್ಪಿಗೆ ಹಳದಿ ಬೆರೆಸಿದರೂ ಒಂದು ಗಂಭೀರವಾದ ಆಲಿವ್ ಹಸಿರು ಸಿಗುತ್ತದೆಂಬುದು ಹೊಸಬರಿಗೆ ಅಚ್ಚರಿಯ ಸಂಗತಿ. ಹೀಗೆ ಕಲಸಿದ ಹಸಿರು ತೀಕ್ಷ್ಣವೆನಿಸಿದಾಗ ಅದನ್ನು ಪಳಗಿಸುವ ಉಪಾಯವು ಬಿಳಿಯಲ್ಲಾಗಲಿ ಕಪ್ಪಿನಲ್ಲಾಗಲಿ ಇರದೆ ಕೆಂಪಿನಲ್ಲಿರುತ್ತದೆ. ಬಣ್ಣದ ಚಕ್ರದಲ್ಲಿ ಪರಸ್ಪರ ಎದುರಿಗೆ ಬರುವ ಜೋಡಿಗಳನ್ನು ಪೂರಕವರ್ಣಗಳೆಂದು ಕರೆಯುತ್ತಾರೆ. ಕೆಂಪು ಮತ್ತು ಹಸಿರು ಅಂಥ ಜೋಡಿಯಾದ್ದರಿಂದ, ಬರ್ನ್ಟ್ ಸಿಯೆನ್ನಾ ಎಂಬ ಸುಟ್ಟ ಮಣ್ಣಿನ ಕೆಂಗಂದು ಬಣ್ಣವನ್ನು ತುಸುವೇ ಸೇರಿಸಿದರೂ ಹಸಿರಿನ ಹರಿತ ಇಳಿದು ಅದಕ್ಕೆ ನೆಲದ ಭಾರ ಬರುತ್ತದೆ. ಇದೇ ಕಾರಣಕ್ಕೆ ಬಿಳಿಯ ಕ್ಯಾನ್ವಾಸಿಗೆ ಮೊದಲೇ ಈ ಕೆಂಗಂದನ್ನು ತೆಳುವಾಗಿ ಬಳಿದು ಒಣಗಿಸಿ, ಅದರ ಮೇಲೆ ಹಸಿರನ್ನು ಬರೆಯುವ ರೂಢಿಯೂ ಇದೆ. ಕುಂಚದೇಟುಗಳ ನಡುವಿನ ಬಿರುಕುಗಳಲ್ಲಿ ಇಣುಕುವ ಕೆಂಪು ಇಡೀ ಹುಲ್ಲುಗಾವಲಿಗೆ ಜೀವ ತುಂಬುತ್ತದೆ.

ಬಣ್ಣಕ್ಕಿಂತಲೂ ಮುಖ್ಯವಾದದ್ದು ಗಾಢತೆಯ ತಾರತಮ್ಯ, ಅಂದರೆ ಯಾವುದು ಎಷ್ಟು ಬೆಳಕು, ಯಾವುದು ಎಷ್ಟು ಕತ್ತಲು ಎಂಬ ಲೆಕ್ಕ. ಕಣ್ಣನ್ನು ಅರೆಮುಚ್ಚಿ ನೋಡಿದಾಗ ವಿವರಗಳು ಕರಗಿ, ದೃಶ್ಯವು ನಾಲ್ಕೈದು ದೊಡ್ಡ ತುಂಡುಗಳಾಗಿ ಒಡೆಯುತ್ತದೆ: ಆಕಾಶ ಎಲ್ಲಕ್ಕಿಂತ ಬೆಳಕಾಗಿಯೂ, ಬಿಸಿಲಿಗೆ ಮೈಯೊಡ್ಡಿದ ಸಮತಟ್ಟು ನೆಲ ಅದಕ್ಕಿಂತ ತುಸು ಕಡಿಮೆಯಾಗಿಯೂ, ಇಳಿಜಾರುಗಳು ಮಧ್ಯಮವಾಗಿಯೂ, ನೆಟ್ಟಗೆ ನಿಂತ ಮರಗಳು ಎಲ್ಲಕ್ಕಿಂತ ಕಡುವಾಗಿಯೂ ಕಾಣುತ್ತವೆ. ಈ ತುಂಡುಗಳನ್ನು ಒಂದೇ ಬಣ್ಣದಲ್ಲಿ, ಕಂದು ಅಥವಾ ಬೂದಿಯಲ್ಲಿ, ಮೊದಲು ಬರೆದುಕೊಂಡು ಅದು ನೆಲವಾಗಿ ಮಲಗಿತೇ ಎಂದು ಪರೀಕ್ಷಿಸಿದ ಮೇಲೆಯೇ ಹಸಿರಿಗೆ ಕೈಹಾಕುವುದು ಉತ್ತಮ. ದೂರದ ವಸ್ತುಗಳ ಮತ್ತು ನೋಡುಗನ ನಡುವೆ ಇರುವ ಗಾಳಿ ನೀಲಿ ಬೆಳಕನ್ನು ಚದುರಿಸುವುದರಿಂದ ದೂರದ ಮರಸಾಲು ಹತ್ತಿರದ್ದಕ್ಕಿಂತ ಮಸುಕಾಗಿ, ನೀಲಿಯಾಗಿ, ಬೆಳಕು ನೆರಳುಗಳ ಭೇದ ಕಡಿಮೆಯಾಗಿ ಕಾಣುತ್ತದೆ. ಇದನ್ನು ವಾಯು ಪರಿಪ್ರೇಕ್ಷ್ಯವೆನ್ನುತ್ತಾರೆ. ಸುಮಾರು ಐನೂರು ಗಜ ಉದ್ದದ ಫೇರ್‌ವೇಯಲ್ಲಿ ಈ ಬದಲಾವಣೆ ಬೆಟ್ಟಗಳ ದೃಶ್ಯದಲ್ಲಿ ಇರುವಷ್ಟು ಎದ್ದು ಕಾಣುವುದಿಲ್ಲವಾದ್ದರಿಂದ ಚಿತ್ರಕಾರನು ಅದನ್ನು ತುಸು ಹೆಚ್ಚಿಸಿಯೇ ಬರೆಯಬೇಕಾಗುತ್ತದೆ.

ನೆಲದ ಏರಿಳಿತವನ್ನು ಕಾಣಿಸುವುದು ಓರೆಯಾಗಿ ಬೀಳುವ ಬೆಳಕು. ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲಿರುವಾಗ ಮೈದಾನ ಸಪಾಟಾಗಿ ಕಾಣುತ್ತದೆ. ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ಪ್ರತಿ ಉಬ್ಬಿಗೂ ಒಂದು ಬೆಳಗಿದ ಮೈ, ಒಂದು ನೆರಳಿನ ಮೈ ಮೂಡಿ, ಹಗಲೆಲ್ಲ ಅಡಗಿದ್ದ ಗ್ರೀನಿನ ಓರೆಯೂ ಎದ್ದು ತೋರುತ್ತದೆ. ಹುಲ್ಲು ಕತ್ತರಿಸುವ ಯಂತ್ರವು ಬಿಟ್ಟುಹೋಗುವ ಪಟ್ಟೆಗಳೂ ಬೆಳಕಿನದೇ ಕೆಲಸ: ನೋಡುಗನಿಂದ ಆಚೆಗೆ ಬಾಗಿದ ಹುಲ್ಲು ತನ್ನ ಎಲೆಯ ಹೊಳೆಯುವ ಅಗಲವನ್ನು ತೋರಿಸಿ ತಿಳಿಯಾಗಿಯೂ, ನೋಡುಗನ ಕಡೆಗೆ ಬಾಗಿದ ಹುಲ್ಲು ತುದಿ ಮತ್ತು ನೆರಳನ್ನು ತೋರಿಸಿ ಕಡುವಾಗಿಯೂ ಕಾಣುತ್ತದೆ. ಈ ಪಟ್ಟೆಗಳು ನೆಲದ ಬಾಗನ್ನು ಅನುಸರಿಸಿ ಸಾಗುವುದರಿಂದ ಅವುಗಳನ್ನು ಒಂದೆರಡು ಕಡೆ ಸೂಚಿಸಿದರೆ ಸಾಕು, ದಿಣ್ಣೆಯ ದುಂಡುತನ ತಾನಾಗಿ ತಿಳಿಯುತ್ತದೆ; ಎಲ್ಲವನ್ನೂ ಎಣಿಸಿ ಬರೆದರೆ ಮಾತ್ರ ಮೈದಾನ ಜಮಖಾನವಾಗುತ್ತದೆ.

ಬಂಕರುಗಳ ವಿಷಯದಲ್ಲಿ ಹೊಸಬರ ಕೈ ತಪ್ಪದೆ ಟೈಟೇನಿಯಂ ಬಿಳಿಯ ಕಡೆಗೆ ಹೋಗುತ್ತದೆ. ಮರಳು ಬಿಳಿಯೆಂಬ ತಿಳಿವಳಿಕೆ ಕಣ್ಣಿಗಿಂತ ಮುಂಚೆ ಕೆಲಸ ಮಾಡುವುದೇ ಇದಕ್ಕೆ ಕಾರಣ. ವಾಸ್ತವದಲ್ಲಿ ಬಿಸಿಲಿನ ಮರಳು ಹಳದಿ ಮತ್ತು ಗುಲಾಬಿಯ ಕಡೆಗೆ ವಾಲಿರುತ್ತದೆ, ಬಂಕರಿನ ಕಟ್ಟೆಯ ಕೆಳಗಿನ ನೆರಳು ತೆರೆದ ಆಕಾಶದ ಬೆಳಕನ್ನು ಹಿಡಿದು ನೀಲಿ ನೇರಳೆಯಾಗಿರುತ್ತದೆ, ಹುಲ್ಲಿನ ಅಂಚಿನ ಬಳಿ ಅದಕ್ಕೆ ಹಸಿರಿನ ಛಾಯೆಯೂ ತಗಲುತ್ತದೆ. ನೆರಳನ್ನು ಸರಿಯಾದ ಗಾಢತೆಯಲ್ಲಿ ಇಟ್ಟರೆ ಬಿಸಿಲಿನ ಭಾಗಕ್ಕೆ ಶುದ್ಧ ಬಿಳಿಯ ಅಗತ್ಯವೇ ಬೀಳುವುದಿಲ್ಲ. ಕೊಳದ ನೀರಿಗೂ ಒಂದು ನಿಯಮವಿದೆ: ಪ್ರತಿಬಿಂಬದಲ್ಲಿ ಬೆಳಕಿನ ವಸ್ತುಗಳು ತಮಗಿಂತ ತುಸು ಕಡುವಾಗಿಯೂ, ಕಡುವಾದ ವಸ್ತುಗಳು ತುಸು ತಿಳಿಯಾಗಿಯೂ ಕಾಣುತ್ತವೆ.

ಹವ್ಯಾಸಿಗಳಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರವನ್ನು ನೋಡಿಕೊಂಡು ಬರೆಯುತ್ತಾರೆ. ಆಟ ನಡೆಯುವ ಮೈದಾನದಲ್ಲಿ ಗಂಟೆಗಟ್ಟಲೆ ನಿಲ್ಲಲು ಅನುಮತಿ ಸಿಗುವುದು ಕಷ್ಟವಾದ್ದರಿಂದ ಇದನ್ನು ತಪ್ಪೆನ್ನಲಾಗದು. ಚಾರ್ಲ್ಸ್ ಲೀಸ್ ಕೂಡ ಛಾಯಾಗ್ರಹಣದ ಶೈಶವದಲ್ಲಿಯೇ ಎಡಿನ್‌ಬರೋದ ಹಿಲ್ ಮತ್ತು ಆಡಮ್‌ಸನ್ ಜೋಡಿ ತೆಗೆದ ಛಾಯಾಚಿತ್ರಗಳ ನೆರವು ಪಡೆದಿದ್ದನು. ಆದರೆ ಮೊಬೈಲಿನ ಅಗಲ ಕೋನದ ಮಸೂರವು ಹತ್ತಿರದ ಹುಲ್ಲನ್ನು ಹಿಗ್ಗಿಸಿ ದೂರದ ದಿಣ್ಣೆಯನ್ನು ಕುಗ್ಗಿಸುತ್ತದೆ, ನೆರಳನ್ನು ಕಪ್ಪಾಗಿಸುತ್ತದೆ, ಆಕಾಶವನ್ನು ಬಿಳಿಚಿಸುತ್ತದೆ; ಕಾಲಿಗೆ ಏರಾಗಿ ತಿಳಿದಿದ್ದ ನೆಲ ಪರದೆಯಲ್ಲಿ ಸಮತಟ್ಟಾಗಿಬಿಡುತ್ತದೆ. ಆಡುವ ಹವ್ಯಾಸಿಗೆ ಇಲ್ಲಿ ವೃತ್ತಿಪರನಿಗೂ ಇಲ್ಲದ ಒಂದು ಅನುಕೂಲವಿದೆ. ಅದೇ ಹೋಲ್ ಅನ್ನು ವರ್ಷಗಟ್ಟಲೆ ನಡೆದಿರುವ ಅವನ ಕಾಲಿಗೆ ಆ ಇಳಿಜಾರು ಎಲ್ಲಿ ಆರಂಭವಾಗುತ್ತದೆ, ಚೆಂಡು ಯಾವ ಕಡೆಗೆ ಉರುಳುತ್ತದೆ ಎಂಬುದು ಗೊತ್ತಿರುತ್ತದೆ. ಸ್ಥಳದಲ್ಲಿಯೇ ಕಾಲು ಗಂಟೆಯಲ್ಲಿ ಪೆನ್ಸಿಲ್ಲಿನಿಂದ ನೆಲದ ಗೆರೆಗಳನ್ನು ಗುರುತಿಸಿ, ಬೆಳಕು ಬರುವ ದಿಕ್ಕನ್ನೂ ನೆರಳಿನ ಬಣ್ಣವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಂಡರೆ, ಮನೆಯಲ್ಲಿ ಛಾಯಾಚಿತ್ರವು ಯಜಮಾನನಾಗದೆ ಸಹಾಯಕನಾಗುತ್ತದೆ.

ಬಾವುಟದ ಬಗ್ಗೆಯೂ ಒಂದು ಮಾತು ಹೇಳಬೇಕು. ಹಸಿರಿನ ವಿಸ್ತಾರದಲ್ಲಿ ಒಂದು ಕೆಂಪು ಚುಕ್ಕೆ ಎಷ್ಟು ದೂರದಿಂದಲೂ ಕಣ್ಣನ್ನು ಸೆಳೆಯುತ್ತದೆ. 1832ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕೆ ಮುನ್ನ ಟರ್ನರ್ ತನ್ನ ಬೂದುಬಣ್ಣದ ಸಮುದ್ರಚಿತ್ರಕ್ಕೆ ಕೆಂಪು ಬಣ್ಣದ ಒಂದೇ ಗುಂಡನೆಯ ಚುಕ್ಕೆ ಇಟ್ಟು, ಪಕ್ಕದಲ್ಲಿ ತೂಗುಹಾಕಿದ್ದ ಕಾನ್‌ಸ್ಟೇಬಲ್‌ನ ವೈಭವದ ಚಿತ್ರವನ್ನು ಮಂಕಾಗಿಸಿದ ಪ್ರಸಂಗ ಕಲಾ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅಷ್ಟು ಬಲವುಳ್ಳ ಬಣ್ಣವನ್ನು ಎಲ್ಲಿ ಇಡಬೇಕೆಂಬುದು ಕೊನೆಯ ಗಳಿಗೆಯ ಅಲಂಕಾರದ ವಿಷಯವಲ್ಲ. ಚಿತ್ರದ ನಡುಮಧ್ಯದಲ್ಲಿ ಬಾವುಟ ಬಂದರೆ ನೋಟ ಅಲ್ಲಿಯೇ ಕಟ್ಟಿಬೀಳುತ್ತದೆ, ಬದಿಗೆ ಸರಿದು ಚಿಕ್ಕದಾಗಿ ನಿಂತರೆ ಫೇರ್‌ವೇಯ ಉದ್ದಕ್ಕೂ ನಡೆದು ಅಲ್ಲಿಗೆ ತಲುಪುತ್ತದೆ.

ತೈಲವರ್ಣ ಎಂಬ ಮಾಧ್ಯಮದ ಸ್ವಭಾವವನ್ನು ಅರಿಯದೆ ಈ ಯಾವ ಉಪಾಯವೂ ಫಲಿಸದು. ತೈಲವರ್ಣವೆಂದರೆ ಬಣ್ಣದ ಹುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದ ಲೇಪ. ನೀರಿನ ಬಣ್ಣದಂತೆ ಅದು ಆವಿಯಾಗಿ ಒಣಗದೆ, ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿ ಪದರವಾಗುತ್ತದೆ. ಅಮೆರಿಕದ ಜಾನ್ ಗೋಫ್ ರ‍್ಯಾಂಡ್ 1841ರಲ್ಲಿ ಹಿಂಡಬಹುದಾದ ತವರದ ಟ್ಯೂಬಿಗೆ ಹಕ್ಕುಪತ್ರ ಪಡೆದ ನಂತರವೇ ಈ ಬಣ್ಣವನ್ನು ಬಯಲಿಗೆ ಒಯ್ಯುವುದು ಸುಲಭವಾಯಿತು. ಅಂಬರ್ ಮುಂತಾದ ಮಣ್ಣಿನ ಬಣ್ಣಗಳು ಬೇಗ ಒಣಗಿದರೆ ಟೈಟೇನಿಯಂ ಬಿಳಿಯೂ ಕ್ಯಾಡ್ಮಿಯಂ ಬಣ್ಣಗಳೂ ತಡವಾಗಿ ಒಣಗುತ್ತವೆ. ಕೆಳಗಿನ ಪದರಕ್ಕಿಂತ ಮೇಲಿನ ಪದರದಲ್ಲಿ ಎಣ್ಣೆ ಹೆಚ್ಚಿರಬೇಕೆಂಬ ಹಳೆಯ ನಿಯಮವು ಇದರಿಂದ ಹುಟ್ಟಿದ್ದು, ಅದನ್ನು ಮೀರಿದರೆ ಕೆಳಪದರ ಇನ್ನೂ ಅಲುಗಾಡುತ್ತಿರುವಾಗಲೇ ಮೇಲ್ಪದರ ಬಿಗಿದು ಕಾಲಕ್ರಮದಲ್ಲಿ ಚಿತ್ರ ಬಿರುಕು ಬಿಡುತ್ತದೆ. ಟರ್ಪೆಂಟೈನಿನಂತಹ ದ್ರಾವಕವನ್ನು ಗಾಳಿಯಾಡುವ ಕೋಣೆಯಲ್ಲಿ ಮಾತ್ರ ಬಳಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಗಸೆ ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಆಮ್ಲಜನಕದೊಂದಿಗೆ ಸೇರುವಾಗ ಹುಟ್ಟುವ ಶಾಖ ಹೊರಹೋಗಲು ದಾರಿಯಿಲ್ಲದೆ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಅವುಗಳನ್ನು ಬಿಡಿಸಿ ಹೊರಗೆ ಒಣಗಹಾಕಬೇಕು, ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಇಡಬೇಕು.

ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಬೇಕಾದ ನೆಲ ಸಾಕಷ್ಟಿದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಮೈಸೂರಿನ ಮೈದಾನಕ್ಕೆ ಚಾಮುಂಡಿಬೆಟ್ಟದ ಹಿನ್ನೆಲೆಯಿದೆ. ಕೊಡಗಿನ ಬಿಟ್ಟಂಗಾಲದ ಮೈದಾನದ ಸುತ್ತ ಕಾಫಿತೋಟಗಳ ನಾಡು ಹಬ್ಬಿದೆ. ಪರದೇಶದ ಪುಸ್ತಕಗಳಲ್ಲಿ ಹೇಳಿದ ಬಣ್ಣಗಳ ಲೆಕ್ಕ ಇಲ್ಲಿ ಹಾಗೆಯೇ ಒಪ್ಪುವುದಿಲ್ಲ. ಬಯಲುಸೀಮೆಯ ಬೇಸಗೆಯಲ್ಲಿ ನೀರುಣಿಸಿದ ಫೇರ್‌ವೇ ಹಸಿರಾಗಿ ಉಳಿದು ರಫ್ ಒಣಹುಲ್ಲಿನ ಬಣ್ಣಕ್ಕೆ ತಿರುಗುವುದರಿಂದ ಮೈದಾನದ ವಿನ್ಯಾಸ ಎಂದಿಗಿಂತ ಸ್ಪಷ್ಟವಾಗಿ ತೋರುತ್ತದೆ. ಹುಲ್ಲು ಸವೆದ ಕಾಲುದಾರಿಗಳಲ್ಲಿ ಇಣುಕುವ ಕೆಮ್ಮಣ್ಣು ಹಸಿರಿಗೆ ಸಹಜ ಪೂರಕವರ್ಣವನ್ನು ಒದಗಿಸುತ್ತದೆ. ಅಂದವಾಗಿ ಕಾಣದೆಂದು ಅದನ್ನು ಚಿತ್ರದಿಂದ ಅಳಿಸಿಹಾಕುವ ಹವ್ಯಾಸಿಗಳು ದೊಡ್ಡ ಸಂಪತ್ತನ್ನೇ ಕಳೆದುಕೊಳ್ಳುತ್ತಾರೆ. ನೀರಿನ ಬರವಿರುವ ನಾಡಿನಲ್ಲಿ ಹಸಿರು ಮತ್ತು ಒಣಕಲುಗಳ ಆ ಗಡಿಯನ್ನು ಮರೆಮಾಚದೆ ಬರೆಯುವುದು ಪ್ರಾಮಾಣಿಕತೆಯೂ ಹೌದು. ಮುಂಗಾರಿನ ಮೋಡದ ದಿನಗಳಲ್ಲಿ ನೆರಳುಗಳು ಮಾಯವಾಗಿ, ಹಸಿರುಗಳ ನಡುವಿನ ಭೇದ ಮಾತ್ರ ಉಳಿಯುತ್ತದೆ. ಅದು ಕಠಿಣವಾದ ಪಾಠವಾದರೂ ಕೊಡಗಿನ ಮಂಜಿನಲ್ಲಿ ಅದಕ್ಕೆ ಸಮನಾದ ಚೆಲುವು ಬೇರೆಡೆ ದೊರೆಯುವುದು ಕಷ್ಟ.

ಇಲ್ಲಿನ ಹಸಿರನ್ನು ಕಲಿಯಲು ಕನ್ನಡಿಗರಿಗೆ ಹತ್ತಿರದ ಗುರುವೊಬ್ಬರಿದ್ದಾರೆ. ಸ್ವಾತಂತ್ರ್ಯ ಹೋರಾಟಗಾರರೂ ‘ತಾಯಿನಾಡು’ ಪತ್ರಿಕೆಯ ಸಂಪಾದಕರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಉದ್ಯಾನಗಳನ್ನೂ ಹೂಬಿಟ್ಟ ಮರಗಳನ್ನೂ ಜಲವರ್ಣ ಮತ್ತು ತೈಲವರ್ಣಗಳಲ್ಲಿ ಚಿತ್ರಿಸಿದರು. ಅವರು ಗಾಲ್ಫ್ ಮೈದಾನದ ಚಿತ್ರಕಾರರೆಂದು ಹೆಸರಾದವರಲ್ಲ. ಆದರೆ ಮರದ ಹಸಿರನ್ನು ನೂರಾರು ಪುಟ್ಟ ಕುಂಚದೇಟುಗಳಾಗಿ ಒಡೆದು, ಅದರೊಳಗೆ ಕೆಂಪು, ನೇರಳೆ, ಹಳದಿಗಳನ್ನು ಸೇರಿಸಿ, ದಖನ್ ಪ್ರಸ್ಥಭೂಮಿಯ ಬಿಸಿಲನ್ನು ಅವರು ಹಿಡಿದ ರೀತಿಯನ್ನು ಹುಲ್ಲುನೆಲಕ್ಕೂ ಅನ್ವಯಿಸಬಹುದು. ಆಗಸ್ಟಾದ ಅಚ್ಚುಚಿತ್ರಗಳನ್ನು ನಕಲು ಮಾಡುವುದಕ್ಕಿಂತ ರುಮಾಲೆಯವರ ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲುವುದು ಇಲ್ಲಿನ ಅಭ್ಯಾಸಿಗೆ ಹೆಚ್ಚು ಪ್ರಯೋಜನಕರ.

ಮೈದಾನದೊಳಗೆ ಈಸೆಲ್ ಹೂಡಬೇಕೆನ್ನುವವರು ಕ್ಲಬ್ಬಿನ ಕಚೇರಿಯಿಂದ ಅನುಮತಿ ಪಡೆದು, ಟೀಯ ಹಿಂಬದಿಯಲ್ಲಿ, ಚೆಂಡು ಹಾರುವ ದಿಕ್ಕಿನಿಂದ ದೂರವಾಗಿ ನಿಲ್ಲಬೇಕು. ಮಾರಾಟದ ಉದ್ದೇಶವಿದ್ದರೆ ಇನ್ನಷ್ಟು ಎಚ್ಚರ ಅಗತ್ಯ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಸಂಸ್ಥೆಯು ಕಡಲಬಂಡೆಯ ಮೇಲಿನ ಒಂಟಿ ಸೈಪ್ರೆಸ್ ಮರವನ್ನು ತನ್ನ ವ್ಯಾಪಾರಮುದ್ರೆಯಾಗಿ ಕಾಪಾಡಿಕೊಂಡು ಬಂದಿರುವಂತೆ, ಕೆಲವು ಕ್ಲಬ್ಬುಗಳು ತಮ್ಮ ಹೆಸರು ಮತ್ತು ಚಿಹ್ನೆಗಳ ಬಳಕೆಗೆ ಕಟ್ಟುನಿಟ್ಟಾದ ಷರತ್ತು ವಿಧಿಸುತ್ತವೆ.

ಮುಗಿದ ಚಿತ್ರದ ಆರೈಕೆ ನಮ್ಮ ಹವೆಗೆ ಹೊಂದಬೇಕು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ತೇವದ ಗೋಡೆಗೆ ಒತ್ತಿ ತೂಗುಹಾಕಿದ ಕ್ಯಾನ್ವಾಸಿನ ಹಿಂಬದಿಗೆ ಬೂಷ್ಟು ಹಿಡಿಯುವುದರಿಂದ ಚೌಕಟ್ಟಿನ ಹಿಂದೆ ಗಾಳಿಯಾಡಲು ಸಣ್ಣ ಮರದ ತುಂಡುಗಳನ್ನು ಕೊಟ್ಟು ಗೋಡೆಯಿಂದ ಬಿಡಿಸಿಡಬೇಕು. ಮುಟ್ಟಿದರೆ ಒಣಗಿದಂತೆ ತೋರುವ ಬಣ್ಣ ಒಳಗೆ ಇನ್ನೂ ಹಸಿಯಾಗಿರಬಹುದಾದ್ದರಿಂದ ರಕ್ಷಣೆಯ ವಾರ್ನಿಷನ್ನು ಸಾಂಪ್ರದಾಯಿಕವಾಗಿ ಆರು ತಿಂಗಳಿಂದ ಒಂದು ವರ್ಷ ಕಳೆದ ಮೇಲೆ ಬಳಿಯುತ್ತಾರೆ. ಆ ಅವಧಿಯಲ್ಲಿ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡುವ ಅಭ್ಯಾಸ ಕೆಲವರಿಗಿದೆ. ಕತ್ತಲಿನಲ್ಲಿ ಅಗಸೆ ಎಣ್ಣೆ ಹಳದಿಗಟ್ಟುವುದರಿಂದ ಅಷ್ಟು ಶ್ರಮಪಟ್ಟು ಹುಲ್ಲಿನಿಂದ ಬೇರ್ಪಡಿಸಿದ್ದ ನೀಲಿ ಆಕಾಶಕ್ಕೂ ಹಸಿರಿನ ಛಾಯೆ ಬಂದುಬಿಡುತ್ತದೆ. ಹಾಗಾದ ಚಿತ್ರವನ್ನು ಬೆಳಕು ಚೆನ್ನಾಗಿ ಬರುವ ಕೋಣೆಯಲ್ಲಿ, ನೇರ ಬಿಸಿಲು ತಾಕದಂತೆ, ಕೆಲವು ವಾರ ತೆರೆದಿಟ್ಟರೆ ಹಳದಿಯ ಬಹುಭಾಗ ಇಳಿದುಹೋಗುತ್ತದೆ.